ಜೈತುನಬಿಯ ಊದುಗೊಳವೆ

ಆಳಂದದಲ್ಲಿ ರೇಡಿಯೋ ರಿಪೇರಿ ಮಾಡುವ ರಾಜೇಸಾಬನಿಗೆ ಹಳೆಯ ರೇಡಿಯೋಗಳ ಬಿಡಿಭಾಗ ಕಿತ್ತು, ಕರೆಂಟಿನಿಂದ ನುಡಿಯುವ ಬಾಜಾಪೆಟ್ಟಿಗೆ ಕಟ್ಟುವ ಹುಚ್ಚು. ಬಿಡಿಭಾಗ ಬಿಡಿಸಲು ಬೆಸುಗೆಯ ಸೀಸ ಕರಗಿಸಿ ಅವನು "ಊದ ಬೇ" ಎಂದರೆ ಸಾಕು, ಹೆಂಡತಿ ಜೈತುನಬಿ ಒಲೆಯ ಊದುಗೊಳವೆಯಿಂದ ಅದನ್ನು ಉಫ್ ಎಂದು ಹಾರಿಸುತ್ತಿದ್ದಳು.

ಅವಳು ಮಣ್ಣು ಸೇರಿದ ಮೇಲೆ ಪೆಟ್ಟಿಗೆ ಅರ್ಧಕ್ಕೇ ನಿಂತಿತು.

ಕಡೆಗೊಮ್ಮೆ ಸೊಲ್ಲಾಪುರಕ್ಕೆ ಹೋದ. ಅಂಗಡಿಯವನು ಕರಗಿದ ಸೀಸ ಹೀರಲೆಂದು ತಾಮ್ರದ ಪಟ್ಟಿಯನ್ನೂ ಸ್ಪ್ರಿಂಗಿನ ಪಂಪನ್ನೂ ಮುಂದಿಟ್ಟ. "ಪಂಪ್ ಒಯ್ಯರಿ ಸಾಬ್ರ. ಇನ್ನೊಬ್ಬರು ಬೇಕಾಗಂಗಿಲ್ಲ."

ರಾಜೇಸಾಬ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಒಬ್ಬಾವನೇ ಅದೀನಿ. ಇದೇ ಕೊಡ್ರಿ."

ಮರುದಿನ ಒಂದು ಕೈಯಲ್ಲಿ ಪಂಪು ಹಿಡಿದು, ಇನ್ನೊಂದರಿಂದ ಸೀಸ ಕರಗಿಸಿದ. ಅದು ಬೆಳ್ಳಿಯಂತೆ ಮಿನುಗಿತು.

"ಊದ ಬೇ" ಎಂದ. ಹನಿ ಸಿಡಿಯದಿರಲೆಂದು ಮುಖ ಪಕ್ಕಕ್ಕೆ ತಿರುಗಿಸಿ ಕಾಯುತ್ತ ಕೂತ.

ಸೀಸ ಇದ್ದಲ್ಲೇ ಗಟ್ಟಿಯಾಯಿತು.