ಹನ್ನೊಂದು ವರ್ಷದ ‘ಉತ್ತಮ’

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಹುಳದಕ್ಕ ಎಂದೇ ಕರೆಯುವುದು. ಊರ ನಡುವೆ ಹರಿಯುವ ಹಳ್ಳದ ಆರೋಗ್ಯ ನೋಡುವುದು ಅವರ ಕೆಲಸ. ತಿಂಗಳಿಗೊಮ್ಮೆ ನೀರಿಗಿಳಿದು, ಹರಿವಿಗೆ ಅಡ್ಡಲಾಗಿ ಬಲೆ ಹಿಡಿದು, ಮೂರು ನಿಮಿಷ ಕಾಲಿನಿಂದ ಕಲ್ಲು ಕೆದಕುತ್ತಾರೆ. ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು, ಹುಳಗಳನ್ನು ಕುಂಚದಿಂದ ಒಂದೊಂದಾಗಿ ಎತ್ತಿ ಎಣಿಸುತ್ತಾರೆ. ಜೊತೆಗೆ ನಾಲ್ಕು ಬಾಟಲಿ ನೀರು ತರುತ್ತಾರೆ. ಆ ವರದಿ ಟೈಪ್ ಮಾಡುವ ಗುಮಾಸ್ತ ನಾನು.

ಬಾಟಲಿಯ ನೀರು ಪ್ರತಿ ಸಲವೂ ತಿಳಿಯಾಗಿರುತ್ತಿತ್ತು. ತಟ್ಟೆಯಲ್ಲಿ ಮಾತ್ರ ಬರೀ ಕೊಳೆ ನೀರಲ್ಲೂ ಬದುಕುವ ಕೆಂಪು ಹುಳ. ಒಳ್ಳೆಯ ನೀರಲ್ಲಿ ಇರಬೇಕಾದ ಮೂರು ಬಾಲದ ಮರಿಹುಳಗಳು ಒಂದೂ ಇಲ್ಲ.

“ಬಾಟ್ಲಿ ಆ ಹೊತ್ತಿಂದು ಮಾತ್ರ ಹೇಳುತ್ತೆ ಸಾರ್. ಹುಳ ಅಲ್ಲೇ ಸಂಸಾರ ಮಾಡೋದು, ಅದಕ್ಕೆ ತಿಂಗಳುಗಟ್ಟಲೆ ಕಥೆ ಗೊತ್ತಿರುತ್ತೆ. ನಾನು ಹೋಗೋ ದಿನ ಮಾತ್ರ ಯಾರೋ ಬಣ್ಣದ ನೀರು ನಿಲ್ಲಿಸ್ತಾ ಇದಾರೆ!” ಎಂದು ಅಕ್ಕ ಮೇಜು ಗುದ್ದಿದ್ದರು.

“ಹುಳಕ್ಕೆ ಸಹಿ ಹಾಕೋಕೆ ಬರುತ್ತೇನಮ್ಮಾ?” ಎಂದರು ಸಾಹೇಬರು. ನಾವೆಲ್ಲ ನಕ್ಕೆವು. ನಾನೂ ಹಲ್ಲು ಕಿರಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಮ್ಮ ನಿಯಮದಲ್ಲಿ ಅಂಕವೆಲ್ಲ ಬಾಟಲಿಗೆ, ಹುಳಕ್ಕೆ ಯಾರೂ ಓದದ ಕೊನೆಯ ಪುಟ. ತಿಂಗಳು ತಿಂಗಳೂ ‘ಉತ್ತಮ’ ಎಂದು ಟೈಪ್ ಮಾಡಿದೆ.

ಹಳ್ಳದ ದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಿತ್ತು. ಅನುಮಾನ ಅದರ ಮೇಲೇ. ಆದರೆ ಮಾದರಿ ತೆಗೆಯುವ ದಿನ ಅವರಿಗೆ ಗೊತ್ತಾಗುವುದಾದರೂ ಹೇಗೆ? ಹಿಂದಿನ ದಿನ ಮಧ್ಯಾಹ್ನ ಮುಚ್ಚಿದ ಲಕೋಟೆಯಲ್ಲಿ ತಾರೀಕು ಅಕ್ಕನ ಕೈಗೆ ಬರುತ್ತಿತ್ತು, ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಮೊದಲು ಡ್ರೈವರನ್ನು ಅನುಮಾನಿಸಿದರು. ಆಮೇಲೆ ನನ್ನ ಸರದಿ. “ಉಂಡ ಮನೆಗೆ ಎರಡು ಬಗೆಯೋರು ಇಲ್ಲೇ ಕೂತಿದಾರೆ” ಎಂದು ನನ್ನ ಮುಖ ನೋಡಿಯೇ ಅಂದು, ಎರಡು ವರ್ಷ ಮಾತು ಬಿಟ್ಟರು.

ಅಷ್ಟರಲ್ಲಿ ಊರಿನವರು ಹೊಸದೊಂದು ಮಾತು ತೆಗೆದರು. ಹಳ್ಳ ಹನ್ನೊಂದು ವರ್ಷದಿಂದ ಉತ್ತಮವಾಗಿದೆಯಲ್ಲ, ಮಕ್ಕಳು ನೀರಾಟವಾಡಲು ಮೆಟ್ಟಿಲು ಕಟ್ಟಿಸೋಣ ಎಂದರು. ಮೆಟ್ಟಿಲೂ ಎದ್ದಿತು. ಕೊನೆಯದೊಂದು ವರದಿ ಬಂದರೆ ಮಕ್ಕಳನ್ನು ಇಳಿಸುವುದೇ. ಅಕ್ಕ ಊಟ ಬಿಟ್ಟು ಓಡಾಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಕೊನೆಯ ಮಾದರಿಯ ದಿನ ಹಳ್ಳ ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಬಾಟಲಿ ಹೊರಲು ನಾನೂ ಹೋಗಿದ್ದೆ.

“ಸಿಕ್ಕಿಬಿದ್ರು ಕಳ್ಳ ನನ್ಮಕ್ಳು!” ಎಂದು ಅಕ್ಕ ನೀರಲ್ಲೇ ಕುಣಿದರು. ಕುಣಿಯುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು ತಮ್ಮ ಕಾಲು ನೋಡಿಕೊಂಡರು. ಕಾಲಲ್ಲಿ ತೊಡೆಮಟ್ಟದ ರಬ್ಬರ್ ಬೂಟು. ಕಚೇರಿಗೆ ಎಷ್ಟು ಅರ್ಜಿ ಹಾಕಿದರೂ ಅಂಥದ್ದೊಂದು ಜೊತೆ ಬಂದಿರಲಿಲ್ಲ. ಹಾಗಾಗಿ ಲಕೋಟೆ ಬಂದ ದಿನವೇ ಸಂಜೆ ತಮ್ಮನ ಮನೆಗೆ ಹೋಗಿ ಅವನ ಬೂಟು ಕೇಳಿ ತರುತ್ತಿದ್ದರು. ತಮ್ಮ ಅದೇ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ತೊಳೆಯುವ ತೊಟ್ಟಿಯ ಕೆಲಸದವನು. ಈ ಸಲ ಅವನು ಪರವೂರಿನ ಮದುವೆಗೆ ಹೋಗಿದ್ದ, ಬೂಟು ಕೊಟ್ಟವಳು ಅವನ ಹೆಂಡತಿ.

ಅಕ್ಕ ದಂಡೆಯ ಮೇಲೆ ಕುಸಿದು ಕೂತರು. “ನಾನೇ ಕಣಯ್ಯಾ. ಲಕೋಟೆ ಒಡೆದು ಡಂಗುರ ಸಾರಿದ್ದು ನಾನೇ” ಎಂದರು. ನನಗೆ ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ. ನಾನೂ ನಿರೀಕ್ಷಿಸಲಿಲ್ಲ.

ತಮ್ಮನು ಪರವೂರಿಂದ ಬಂದು ಬ್ಯಾಗ್ ಇಳಿಸುವ ಮೊದಲೇ ಅಕ್ಕ ಅವನ ಬಾಗಿಲಲ್ಲಿ ನಿಂತಿದ್ದರು. ಅವನು ಸುಳ್ಳು ಹೇಳಲಿಲ್ಲ.

“ನಾನು ಬರಿಗಾಲಲ್ಲಿ ಕೆಲಸಕ್ಕೆ ಹೋದ್ರೆ ಮೇಸ್ತ್ರಿ ಹಳ್ಳಕ್ಕೆ ನೀರು ಬಿಡೋದು ನಿಲ್ಲಿಸ್ತಿದ್ದ. ಅಷ್ಟೇ ಅಕ್ಕಾ.”

“ನಿನಗೆ ಗೊತ್ತಿತ್ತೇನೋ?”

“ಮೊದಲೆರಡು ವರ್ಷ ಗೊತ್ತಿರಲಿಲ್ಲ.”

ಹನ್ನೊಂದರಲ್ಲಿ ಎರಡು ಕಳೆದರೆ ಎಷ್ಟು ಎಂದು ಅಕ್ಕ ಕೇಳಲಿಲ್ಲ. ಎತ್ತಿ ಆಡಿಸಿದ ತಮ್ಮನ ಕೆನ್ನೆಗೆ ಒಂದು ಬಾರಿಸಿ ಬಂದರು. ಅದನ್ನು ಅವರೇ ಮರುದಿನ ನನಗೆ ಹೇಳಿದರು.

ಆ ದಿನವೇ ಸಭೆ. ಸಾಹೇಬರು ನೇರಳೆ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. “ಹನ್ನೊಂದು ವರ್ಷದ ದಾಖಲೆ ಮುಂದೆ ಇದೊಂದು ದಿನ ಯಾವ ಲೆಕ್ಕ? ಏನೋ ಆಕಸ್ಮಿಕ. ಮೆಟ್ಟಿಲು ತೆರೆಯೋಣ” ಎಂದರು. ಮೇಜಿನ ಸುತ್ತ ಇದ್ದ ತಲೆಗಳೆಲ್ಲ ಆಡಿದವು.

ಅಕ್ಕ ಎದ್ದು ನಿಂತರು. “ಆ ಹನ್ನೊಂದು ವರ್ಷವೇ ಸುಳ್ಳು ಸಾರ್. ಹೇಗೆ ಅಂತ ಹೇಳ್ತೀನಿ” ಎಂದು ಎಲ್ಲವನ್ನೂ ಹೇಳಿದರು. ತಮ್ಮನ ಕೆಲಸ ಹೋಗುತ್ತದೆ, ತಮ್ಮದೂ ಉಳಿಯಲಿಕ್ಕಿಲ್ಲ ಎಂದು ಗೊತ್ತಿದ್ದೇ ಹೇಳಿದರು. ಸಾಹೇಬರು, “ಬರೆದು ಕೊಡಮ್ಮಾ” ಎಂದರು. ಬರೆದು ಕೊಟ್ಟರೆ ಮೆಟ್ಟಿಲು ಮುಚ್ಚಲೇಬೇಕು, ಅದು ನಮಗೆಲ್ಲ ಗೊತ್ತಿತ್ತು.

ಅಕ್ಕ ನನ್ನ ಪಕ್ಕ ಕೂತು ಒಂದೊಂದೇ ವಾಕ್ಯ ಹೇಳುತ್ತಾ ಹೋದರು. ತಮ್ಮನ ವಿಷಯ ಬಂದಾಗ ನನ್ನ ಬೆರಳು ನಿಂತಿತು.

“ಅಕ್ಕಾ, ‘ನನ್ನ ತಮ್ಮ’ ಅನ್ನೋದು ಬೇಡ. ‘ಒಬ್ಬ ಕೆಲಸಗಾರ’ ಅಂತ ಹಾಕ್ಲಾ?”

“ಹನ್ನೊಂದು ವರ್ಷ ಚೆಂದಚೆಂದದ ಪದ ಹಾಕಿದ್ದು ಸಾಲ್ದೇನಯ್ಯಾ ನಿನಗೆ?” ಎಂದರು. “ನನ್ನ ತಮ್ಮ ಅಂತಲೇ ಹೊಡಿ.”

ಹೊಡೆದೆ.