ಸಣ್ಣಮ್ಮ ನಾಯಿಗೆ ಹೆಸರಿಡುವ ರೀತಿ
ಬೂಕನಕೆರೆಯ ಸಣ್ಣಮ್ಮ ಹಾಲಿನ ಕ್ಯಾನು ಇಳಿಸುವ ಮುಂಚೆಯೇ ಡೈರಿಯ ಸಾಲಿನಲ್ಲಿ ಕಾನೂನು ಜಾರಿ ಮಾಡಿಬಿಡುತ್ತಾಳೆ: "ನಾಯಿ ಸಾಕೋರೆಲ್ಲ ಮರಿ ಆಗ್ದಂಗೆ ಆಪರೇಸನ್ ಮಾಡಿಸ್ಲೇಬೇಕು ಅಂತ ಸರ್ಕಾರದೋರು ರೂಲ್ಸ್ ತರ್ಬೇಕು ಕಣ್ರಪ್ಪ." ಯಾರಾದರೂ "ಮೂಕಪ್ರಾಣಿಗೆ ಅಂಗೆಲ್ಲ ಮಾಡ್ಸುದ್ರೆ ಪಾಪ ಕಣವ್ವ" ಅಂದರೆ ಮುಗಿಯಿತು. "ಎಣ್ಣುಮರಿ ಅಂತ ಚೀಲಕ್ಕೆ ತುಂಬಿ ಕಬ್ಬಿನ ಗದ್ದೇಲಿ ಬುಟ್ಬುಟ್ಟು ಬರ್ತೀರಲ್ಲ, ಅದು ಪುಣ್ಯವಾ?" ಎಂದು ಸೆರಗು ಬಿಗಿಯುತ್ತಾಳೆ. ಅಂಥ ಮರಿಗಳನ್ನೆಲ್ಲ ಎತ್ತಿ ತಂದು, ಬಿಟ್ಟವರು ಯಾರೆಂದು ಪತ್ತೆ ಹಚ್ಚಿ, ಅವರ ಮನೆಯ ಹೆಸರನ್ನೇ ಇಡುತ್ತಾಳೆ. ಸಂಜೆ ಅನ್ನ ಕಲಸಿ ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಪಟೇಲ್ರ ಮನೆ ಕೆಂಪಿ, ಬಾ! ಮೇಷ್ಟ್ರ ಮನೆ ಚಿನ್ನಿ, ಬಾ!" ಆ ಮನೆಗಳ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ಕೊನೆಯಲ್ಲಿ, ಎಲ್ಲಕ್ಕಿಂತ ಮೊದಲು ಕಬ್ಬಿನ ಗದ್ದೆಯಿಂದ ವಾಪಸು ಎತ್ತಿ ತಂದಿದ್ದ, ಈಗ ಕುಂಟುತ್ತ ಬರುವ ಮುದಿನಾಯಿಯನ್ನೂ ಅಷ್ಟೇ ಜೋರಾಗಿ ಕರೆಯುತ್ತಾಳೆ: "ಸಣ್ಣಮ್ಮನ ಮನೆ ಕರಿಯವ್ವ, ಬಾ."