ಹುಳುಮನೆಯಲ್ಲಿ ವಿದೇಶಾಂಗ ವ್ಯವಹಾರ

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ನಾನು ಹುತ್ತೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಇಂಗ್ಲಿಷ್ ಕಲಿಸುತ್ತಿದ್ದೆನೇ ಹೊರತು ಅದನ್ನು ಮಾತಾಡುವ ಸಂದರ್ಭ ನನಗೆ ಯಾವತ್ತೂ ಬಂದಿರಲಿಲ್ಲ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸು ಎಂದರೆ ಕಣ್ಣು ಮುಚ್ಚಿ ತಿರುಗಿಸುತ್ತಿದ್ದೆ. ‘ಊಟ ಆಯ್ತಾ’ ಎಂದು ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದ್ದರೆ ಮಾತ್ರ ಬೆವರುತ್ತಿದ್ದೆ.

ಒಂದು ಸೋಮವಾರ ರೇಷ್ಮೆ ಇನ್‌ಸ್ಪೆಕ್ಟರು ಸ್ಕೂಲಿಗೆ ಬಂದರು. ಥಾಯ್ಲೆಂಡ್ ದೇಶದಿಂದ ಒಂದು ನಿಯೋಗ ಬರುತ್ತದಂತೆ. ಬೆಳೆಯುತ್ತಿರುವ ದೇಶಗಳು ದೊಡ್ಡ ದೇಶಗಳ ಬಾಗಿಲು ಕಾಯುವುದು ಬಿಟ್ಟು ಒಬ್ಬರಿಂದೊಬ್ಬರು ಕಲಿಯಬೇಕೆಂದು ಮೇಲಿನವರು ತೀರ್ಮಾನ ಮಾಡಿದ್ದಾರಂತೆ. ಗುರುವಾರ ನಮ್ಮ ಕಡೆ ಹುಳು ಸಾಕುವುದನ್ನು ನೋಡುತ್ತಾರೆ, ರೈತರ ಮಾತನ್ನು ಇಂಗ್ಲಿಷಿನಲ್ಲಿ ಹೇಳುವವರು ಒಬ್ಬರು ಬೇಕು ಎಂದರು.

ನಮ್ಮ ಹೆಡ್‌ಮಾಸ್ಟರಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. ಅದಕ್ಕೇ ಇರಬೇಕು, ಅಪಾಯ ಎಷ್ಟು ದೊಡ್ಡದೆಂದು ಅವರಿಗೆ ತಕ್ಷಣ ಗೊತ್ತಾಯಿತು. “ನಮ್ಮ ಮೇಡಂ ಇದ್ದಾರಲ್ಲ” ಎಂದು ನನ್ನ ಕಡೆ ಕೈ ತೋರಿಸಿ, ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿಬಿಟ್ಟರು.

“ಹೆದರ್ಕೋಬೇಡಿ ಮೇಡಂ, ಅವ್ರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತೆ” ಎಂದು ಇನ್‌ಸ್ಪೆಕ್ಟರು ಧೈರ್ಯ ತುಂಬಿದರು.

ನಿಯೋಗಕ್ಕೆ ತೋರಿಸಲು ಆರಿಸಿದ್ದು ಪಕ್ಕದ ಹಳ್ಳಿಯ ಒಬ್ಬ ಅಜ್ಜಿಯ ಮನೆಯನ್ನು. ಎಪ್ಪತ್ತು ದಾಟಿದ್ದ ಆ ಅಜ್ಜಿಯ ಕೈಯಲ್ಲಿ ಹುಳು ಕೆಟ್ಟದ್ದೇ ಇಲ್ಲ ಎಂದು ಸುತ್ತಲಿನವರು ಹೇಳುತ್ತಿದ್ದರು. ಗುರುವಾರ ನಾನು ಹೋಗುವ ಹೊತ್ತಿಗೆ ಮನೆಗೆ ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಅಜ್ಜಿಯ ಮಗ ಮುಖ ಗಂಟಿಕ್ಕಿಕೊಂಡು ನಿಂತಿದ್ದ.

“ಬರೋರು ಚೀನಾದೋರಾ ಮೇಡಂ? ಚೀನಾ ರೇಷ್ಮೆ ಬಂದೇ ನಮ್ಮ ಗೂಡಿನ ರೇಟು ಬಿದ್ದೋಗಿರೋದು. ಅವ್ರಿಗೆ ಹಾರ ಬೇರೆ ಹಾಕ್ಬೇಕಾ?”

ಚೀನಾ ಬೇರೆ, ಥಾಯ್ಲೆಂಡ್ ಬೇರೆ ಎಂದು ನೆಲದ ಮೇಲೆ ಕಡ್ಡಿಯಲ್ಲಿ ಭೂಪಟ ಬರೆದು ತೋರಿಸಿದೆ. ಅವನು ಅದನ್ನು ನೋಡಿ, “ಮಧ್ಯೆ ಜಾಸ್ತಿ ದೂರ ಏನಿಲ್ವಲ್ಲ” ಎಂದ. ಭೂಪಟ ನಾನು ಬರೆದದ್ದಾದ್ದರಿಂದ ವಾದ ಮಾಡಲಾಗಲಿಲ್ಲ.

ಹನ್ನೊಂದಕ್ಕೆ ಎರಡು ಜೀಪು ಬಂದವು. ನಿಯೋಗದಲ್ಲಿ ಇಬ್ಬರು ಗಂಡಸರು, ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಇಂಗ್ಲಿಷ್ ಬಲ್ಲ ಒಬ್ಬ ಯುವಕ. ಅವರ ಜೊತೆ ಬೆಂಗಳೂರಿನಿಂದ ಒಬ್ಬ ದೊಡ್ಡ ಸಾಹೇಬರು. ಸಾಹೇಬರು ಅಂಗಳದಲ್ಲೇ ನಿಂತು ಎರಡು ದೇಶಗಳ ಮೈತ್ರಿಯ ಬಗ್ಗೆ ಒಂದು ಭಾಷಣ ಮುಗಿಸಿ, “ಬನ್ನಿ” ಎಂದು ಎಲ್ಲರಿಗಿಂತ ಮುಂದಾಗಿ ಹುಳುಮನೆಯ ಬಾಗಿಲಿಗೆ ಬಂದರು. ಅಜ್ಜಿ ಅಡ್ಡ ನಿಂತಳು.

“ಸ್ವಾಮಿ, ತಾವು ಆಚೇನೇ ಇರಿ. ಸೆಂಟು ಹಾಕ್ಕೊಂಡಿದೀರ. ಆ ವಾಸ್ನೆಗೆ ನಮ್ಮ ಹುಳ ಮೇವು ಬಿಟ್ಬಿಡ್ತವೆ.”

ಇನ್‌ಸ್ಪೆಕ್ಟರ ಮುಖ ಸುಣ್ಣದ ಗೋಡೆಯ ಹಾಗಾಯಿತು. “ಅಜ್ಜೀ, ಅವ್ರು ಯಾರು ಗೊತ್ತಾ?” ಎಂದು ಪಿಸುಗುಟ್ಟಿದರು.

“ಯಾರಾದ್ರೇನು? ಹುಳಕ್ಕೆ ಗೊತ್ತಾಗತ್ತಾ?”

ನಾನು ಬಾಯಿ ತೆರೆದಿರಲಿಲ್ಲ. ಆದರೂ ಆ ಥಾಯ್ ಹೆಂಗಸಿಗೆ ಎಲ್ಲ ಅರ್ಥವಾದಂತಿತ್ತು. ಚಪ್ಪಲಿ ಬಿಟ್ಟು, ಬಾನಿಯ ನೀರಿನಲ್ಲಿ ಕೈಕಾಲು ತೊಳೆದು, ಅಂಗೈಯನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಅಜ್ಜಿ ಮೂಸಿ ನೋಡಿ ಬಾಗಿಲು ಬಿಟ್ಟಳು. ಉಳಿದವರೂ ಹಾಗೇ ಕೈಕಾಲು ತೊಳೆದು ಒಳಗೆ ಬಂದೆವು. ಸಾಹೇಬರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು.

ಒಳಗೆ ಸಾಲಾಗಿ ಬಿದಿರಿನ ತಟ್ಟೆಗಳು. ಹುಳುಗಳು ಸೊಪ್ಪು ಮೇಯುವ ಸಪ್ಪಳ ಸೋನೆ ಹಿಡಿದ ಹಾಗೆ ಕೇಳುತ್ತಿತ್ತು. ಅಜ್ಜಿ ಹೆಮ್ಮೆಯಿಂದ, “ನಾಲ್ಕ್ನೇ ಜ್ವರ ಎದ್ದು ಮೂರು ದಿವ್ಸ ಆಯ್ತು ಅಂತ ಹೇಳಮ್ಮಾ” ಎಂದಳು.

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ‘ಈ ಹುಳುಗಳಿಗೆ ಈಗಾಗಲೇ ನಾಲ್ಕು ಸಲ ಜ್ವರ ಬಂದಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಯುವಕ ಅದನ್ನು ತನ್ನ ಭಾಷೆಯಲ್ಲಿ ಹೇಳಿದ್ದೇ ತಡ, ಇಬ್ಬರು ಗಂಡಸರೂ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ಮೂಗಿಗೆ ಕರವಸ್ತ್ರ ಹಿಡಿದ.

ಹೆಂಗಸು ಮಾತ್ರ ಬಗ್ಗಿ ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ ನಗತೊಡಗಿದಳು. ಅವರಲ್ಲಿ ಅದಕ್ಕೆ ನಿದ್ದೆ ಅನ್ನುತ್ತಾರಂತೆ, ಈ ಹುಳುಗಳು ನಾಲ್ಕು ಸಲ ಮಲಗಿ ಎದ್ದಿವೆಯಂತೆ. ಆ ಯುವಕನಿಂದ ನನಗೂ ನನ್ನಿಂದ ಅಜ್ಜಿಗೂ ಆ ಮಾತು ದಾಟಿತು.

“ನಿದ್ದೇನಾ!” ಅಜ್ಜಿ ಸ್ವಲ್ಪ ಯೋಚಿಸಿದಳು. “ಅವ್ರ ಹುಳ ಸುಖವಾಗಿ ಬೆಳೆದವು ಕಣಮ್ಮ.”

ಆಮೇಲೆ ಅಜ್ಜಿ ನನ್ನ ಸೆರಗು ಜಗ್ಗಿದಳು. “ನಮ್ಮ ಕಸುಬು ಕಲ್ತು, ನಾಳೆ ಅವ್ರ ರೇಷ್ಮೆ ತಂದು ನಮ್ಮ ರೇಟು ಕೆಡಿಸ್ತಾರಾ ಕೇಳು.”

“ಅದೆಲ್ಲ ಬೇಡ ಮೇಡಂ, ಸ್ವಲ್ಪ ಮೆದುವಾಗಿ ಏನಾದ್ರೂ ಹೇಳಿ” ಎಂದು ಇನ್‌ಸ್ಪೆಕ್ಟರು ಗಾಬರಿಯಾದರು. ಆದರೆ ಮೆದುವಾಗಿ ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಇದ್ದದ್ದು ಪಾಠದ ಇಂಗ್ಲಿಷ್, ಅದರಲ್ಲಿ ನೇರವಾಗಿ ಕೇಳಿಬಿಟ್ಟೆ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸು ಮಾತ್ರ ಬಹಳ ಹೊತ್ತು, ಕೈ ಆಡಿಸಿಕೊಂಡು ಮಾತಾಡಿದಳು. ಯುವಕ ಅದನ್ನು ಮೂರೇ ವಾಕ್ಯಕ್ಕಿಳಿಸಿದ. ಅವಳೂ ಹಳ್ಳಿಯಲ್ಲಿ ಹುಳು ಸಾಕುವವಳೇ. ಹೊರಡುವ ಮುಂಚೆ ಅವಳ ಊರಿನವರು ಭಾರತದವರ ಬಗ್ಗೆ ಇದನ್ನೇ ಕೇಳಿಕೊಂಡು ಬಾ ಅಂದಿದ್ದರು. ಅವರ ರೇಟು ಕೆಡಿಸಿರುವುದೂ ಚೀನಾ ರೇಷ್ಮೆಯೇ.

ನಾನು ಇದನ್ನು ಹೇಳಿದ ತಕ್ಷಣ, ಬಾಗಿಲಲ್ಲಿ ನಿಂತಿದ್ದ ಮಗನ ಗಂಟುಮುಖ ಬಿಚ್ಚಿತು. “ಹಂಗಾದ್ರೆ ನಮ್ಮೋರೇ ಬಿಡಿ!” ಎಂದು ಎಳನೀರು ಕೊಚ್ಚಲು ಓಡಿದ. ಅಂಗಳದ ಭಾಷಣದಿಂದ ಆಗದ ಮೈತ್ರಿ ಹೀಗೆ ಮೂರನೆಯವರ ಮೇಲಿನ ಸಿಟ್ಟಿನಿಂದ ಆಯಿತು.

ಕೊನೆಗೆ ಪಕ್ಕದ ಮನೆಯ ಚರಕ ನೋಡಲು ಹೋದೆವು. ಅಲ್ಲಿ ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ, ನೂಲೆಲ್ಲ ಬಿಚ್ಚಿದ ಮೇಲೆ ಒಳಗಿನ ಸತ್ತ ಹುಳು ಉಳಿಯುತ್ತದೆ. ಅದರ ವಾಸನೆಗೆ ನಾನು ಆ ಬೀದಿಯಲ್ಲೇ ಓಡಾಡುತ್ತಿರಲಿಲ್ಲ. ಥಾಯ್ ಹೆಂಗಸಿನ ಕಣ್ಣು ಅರಳಿತು. ಬೆಂದ ಹುಳುವೊಂದನ್ನು ಎತ್ತಿಕೊಂಡು, ಊದಿ ಆರಿಸಿ, ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಪ್ರೀತಿಯಿಂದ ನನ್ನ ಕಡೆ ಚಾಚಿದಳು.

ಚರಕ ನಿಂತಿತು. “ಇದೇಮಮ್ಮಾ ಇದಿ!” ಎಂದು ಯಾರೋ ತೆಲುಗಿನಲ್ಲಿ ಉದ್ಗಾರ ತೆಗೆದರು. ದೇಶದ ಮರ್ಯಾದೆ ನನ್ನ ನಾಲಿಗೆಯ ಮೇಲಿದೆ ಎಂದು ಗೊತ್ತಿದ್ದರೂ ನನ್ನ ಬಾಯಿ ತೆರೆಯಲಿಲ್ಲ. “ಇವತ್ತು ಉಪವಾಸ” ಎಂದು ಇಂಗ್ಲಿಷಿನಲ್ಲಿ ಸುಳ್ಳು ಹೇಳಿದೆ. ಆ ದಿನ ನಾನು ತಡವರಿಸದೆ ಆಡಿದ ಒಂದೇ ವಾಕ್ಯ ಅದು.

ಅಜ್ಜಿ ಮಾತ್ರ ಕದಲಲಿಲ್ಲ. “ಉಪ್ಪಾದ್ರೂ ಬೇಡ್ವಾ ಕೇಳಮ್ಮ” ಎಂದವಳು, ಉತ್ತರಕ್ಕೆ ಕಾಯದೆ ಮನೆಗೆ ಹೋಗಿ ಉಪ್ಪು, ಹಸಿಮೆಣಸಿನಕಾಯಿ ತಂದಿಟ್ಟಳು. ಅತಿಥಿ ಎರಡನ್ನೂ ನಂಚಿಕೊಂಡು ಇನ್ನೂ ನಾಲ್ಕು ತಿಂದಳು.

ಜೀಪು ಹೋದ ಮೇಲೆ ಅಜ್ಜಿ ಹಣೆ ಬಡಿದುಕೊಂಡಳು. “ರೇಟು ಕೇಳ್ದೆ, ಜ್ವರ ಕೇಳ್ದೆ, ಆಕೆಗೆ ಮಕ್ಕಳೆಷ್ಟು ಅಂತ ಕೇಳೋದೇ ಮರ್ತೋಯ್ತಲ್ಲಮ್ಮಾ!”

ನನಗೂ ನಾಚಿಕೆಯಾಯಿತು. ಇಬ್ಬರು ಹೆಂಗಸರ ನಡುವೆ ಅಷ್ಟು ಹೊತ್ತು ನಿಂತಿದ್ದರೂ ಅದನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ಅವತ್ತೇ ಆ ಹೆಂಗಸಿಗೆ ಇದನ್ನೇ ಕೇಳಿ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು, ತಲುಪಿಸಲು ಇನ್‌ಸ್ಪೆಕ್ಟರ ಕೈಗೆ ಕೊಟ್ಟೆ. ಅದು ಯಾವ್ಯಾವ ಮೇಜು ದಾಟಿತೋ ತಿಳಿಯದು. ಏಳೆಂಟು ತಿಂಗಳ ಮೇಲೆ ಒಂದು ಫೋಟೋ ಬಂತು. ಹಳದಿ ಗೂಡು ತುಂಬಿದ ತಟ್ಟೆಯ ಹಿಂದೆ ಅವಳು, ಪಕ್ಕದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಂತ ಮಕ್ಕಳು. ಜೊತೆಗೆ ಕಾಗದವೇನೂ ಇರಲಿಲ್ಲ.

ಅಜ್ಜಿ ಫೋಟೋವನ್ನು ಬಿಸಿಲಿಗೆ ಹಿಡಿದು ಬೆರಳಿಟ್ಟು ಎಣಿಸಿದಳು.

“ಐದು. ಸೊಪ್ಪು ಕೊಯ್ಯೋಕೆ ಕೈಗಳಿಗೇನೂ ಕಮ್ಮಿ ಇಲ್ಲ ಬಿಡು” ಎಂದು ಸಮಾಧಾನಪಟ್ಟಳು.